ಪೂರಿಯ ಆಚೆಗಿನ ಮಂಗಳ

'ಮಿಷನ್ ಮಂಗಲ್' (2019) ಸಿನಿಮಾನ ಅಪ್ಪನ ಜೊತೆ ಮತ್ತೆ ನೋಡಿದೆ. ಗ್ಯಾಸ್ ಆರಿಸಿದ ಮೇಲೂ ಕಾದ ಎಣ್ಣೆಯಲ್ಲಿ ಪೂರಿ ಕರಿದು ಇಂಧನ ಉಳಿಸೋ ಉಪಾಯ ಹೇಳೋ ದೃಶ್ಯ ಈಗಲೂ ಇಷ್ಟ. ಆದ್ರೆ ಏರೋಸ್ಪೇಸ್ ಅಂದ್ರೆ ಒಂದು ಕಂಟ್ರೋಲ್ ರೂಮು, ನಾಲ್ಕೈದು ಜೀನಿಯಸ್‌ಗಳು, ಇಷ್ಟೇನಾ? ಗಾಳಿಯಲ್ಲಿ ಹಾರೋದು, ಗಾಳಿ ದಾಟಿ ಹಾರೋದು ಎರಡೂ ಅದರೊಳಗೇ ಬರುತ್ತೆ. ಮಂಗಳಯಾನದ ಚೌಕಟ್ಟು ತಯಾರಾಗಿದ್ದು ಎಚ್‌ಎಎಲ್‌ನಲ್ಲಿ, 1940ರಲ್ಲಿ ವಿಮಾನಕ್ಕೆಂದೇ ಶುರುವಾದ ಸಂಸ್ಥೆಯಲ್ಲಿ. 1975ರ ಆರ್ಯಭಟ ರೂಪುಗೊಂಡಿದ್ದು ಪೀಣ್ಯದ ಶೆಡ್ಡುಗಳಲ್ಲಿ.

ಅಪ್ಪನೂ ಪೀಣ್ಯದಲ್ಲೇ ಲೇಥ್ ಮೇಲೆ ವಿಮಾನದ ಬಿಡಿಭಾಗ ಮಾಡ್ತಿದ್ದವರು. ಕೊನೆಗೆ ಜೋರಾಗಿ ಚಪ್ಪಾಳೆ ತಟ್ಟಿದ್ರು. ತಮ್ಮಂಥವರು ತೆರೆ ಮೇಲೆ ಎಲ್ಲೂ ಇಲ್ಲ ಅನ್ನೋದು ಅವರಿಗೆ ಹೊಳೀಲೇ ಇಲ್ಲ. ನನ್ನ ತಕರಾರು ಅಲ್ಲೇ ಇರೋದು.