ವೇಷ ಕಟ್ಟಿದ ಗಾಡಿ, ಕಟ್ಟದ ಗಾಡಿ

ಯಮಹಾ ಆರ್15 ಮತ್ತು ಎಂಟಿ-15 ಅಕ್ಕಪಕ್ಕ ನಿಂತಿದ್ದರೆ ಹೊಸಬರ ಕಣ್ಣು ಮೊದಲು ಹೋಗುವುದು ಆರ್15ರ ಕಡೆಗೆ. ಮೂತಿಯಿಂದ ಹೊಟ್ಟೆಯವರೆಗೆ ಮೈ ಮುಚ್ಚಿಕೊಂಡ ಅದು ನಿಂತಲ್ಲೇ ಓಡುತ್ತಿರುವಂತೆ ಕಾಣುತ್ತದೆ. ಆದರೆ ಎರಡರ ಒಳಗೂ ಇರುವುದು ಅದೇ 155 ಸಿಸಿ ಎಂಜಿನ್. ಬಜಾಜ್ ಪಲ್ಸರ್ ಎನ್‌ಎಸ್200 ಮತ್ತು ಆರ್‌ಎಸ್200, ಕೆಟಿಎಂ ಡ್ಯೂಕ್ ಮತ್ತು ಆರ್‌ಸಿ, ಹೊಸೂರಿನ ಟಿವಿಎಸ್ ಮಾಡುವ ಅಪಾಚೆ ಆರ್‌ಟಿಆರ್ 310 ಮತ್ತು ಆರ್‌ಆರ್ 310: ನಮ್ಮ ಮಾರುಕಟ್ಟೆಯಲ್ಲಿ ಇಂಥ ಅವಳಿಗಳಿಗೆ ಬರವಿಲ್ಲ. ಹಾಗಾಗಿಯೇ ‘ಒಂದಕ್ಕೆ ಪ್ಲಾಸ್ಟಿಕ್ ಇದೆ, ಇನ್ನೊಂದಕ್ಕಿಲ್ಲ, ಅಷ್ಟೇ ವ್ಯತ್ಯಾಸ’ ಎಂಬ ಮಾತು ಹುಟ್ಟಿಕೊಂಡಿದೆ. ಯಕ್ಷಗಾನ ಬಲ್ಲವರಿಗೆ ಈ ಮಾತು ರುಚಿಸಲಾರದು. ಬಯಲಾಟಕ್ಕೂ ತಾಳಮದ್ದಳೆಗೂ ಪ್ರಸಂಗ ಒಂದೇ, ಭಾಗವತರ ಪದವೂ ಅದೇ. ಆದರೂ ತಾಳಮದ್ದಳೆಯನ್ನು ವೇಷ ಕಳಚಿಟ್ಟ ಬಯಲಾಟ ಎಂದು ಯಾರೂ ಕರೆಯುವುದಿಲ್ಲ. ಕಿರೀಟವೂ ಕುಣಿತವೂ ಇಲ್ಲದ ಕಡೆ ಅರ್ಥಧಾರಿಯ ಮಾತೇ ಎಲ್ಲವನ್ನೂ ಹೊರಬೇಕಾಗುತ್ತದೆ. ಕಲೆಯ ಲೆಕ್ಕಾಚಾರವೇ ಬದಲಾಗುತ್ತದೆ. ಬೈಕಿನಲ್ಲೂ ಹಾಗೆಯೇ. ಯಾವುದು ಮೇಲು ಎಂದು ಕೇಳುವ ಮೊದಲು ವೇಷ ಏಕೆ ಕಟ್ಟಿದರು, ಅದು ಯಾವ ರಂಗಸ್ಥಳಕ್ಕೆ ಕಟ್ಟಿದ್ದು ಎಂಬುದನ್ನು ತಿಳಿಯಬೇಕು.

ಮೈ ಮುಚ್ಚುವ ಈ ಕವಚ, ಅಂದರೆ ಫೇರಿಂಗ್, ಹುಟ್ಟಿದ್ದು ಅಲಂಕಾರಕ್ಕಲ್ಲ, ಗಾಳಿಯ ಜತೆಗಿನ ಜಗಳಕ್ಕೆ. ಎದುರುಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 40 ಕಿಲೋಮೀಟರ್‌ನಿಂದ 80ಕ್ಕೆ ಹೋದರೆ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಸೀಳಲು ಎಂಜಿನ್ ವ್ಯಯಿಸಬೇಕಾದ ಶಕ್ತಿ ಎಂಟು ಪಟ್ಟು. 40ರಲ್ಲಿ ಅಂಗಿಯ ತುದಿ ಅಲ್ಲಾಡಿಸುವ ಗಾಳಿಯೇ 110ರಲ್ಲಿ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತದೆ. ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ರೇಸಿನವರು. ಇಟಲಿಯ ಮೋಟೊ ಗುಝಿ ಕಂಪನಿ 1950ರ ಹೊತ್ತಿಗೇ ಮಾಂಡೆಲ್ಲೊದ ತನ್ನ ಕಾರ್ಖಾನೆಯಲ್ಲಿ ಗಾಳಿಸುರಂಗ ಕಟ್ಟಿಸಿ ಬೈಕುಗಳನ್ನು ಪರೀಕ್ಷಿಸತೊಡಗಿತು. ಆ ದಶಕದ ರೇಸ್ ಬೈಕುಗಳು ಮುಂಚಕ್ರವನ್ನೂ ನುಂಗಿದ ದೊಡ್ಡ ಕವಚ ತೊಟ್ಟು ಓಡಿದವು. ನೇರ ದಾರಿಯಲ್ಲಿ ಅವು ಬಾಣ; ಪಕ್ಕದಿಂದ ಗಾಳಿ ಬೀಸಿದರೆ ಹಾಯಿ. ಅಪಾಯ ಕಂಡ ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ 1958ರ ಋತುವಿನಿಂದ ಅವನ್ನು ನಿಷೇಧಿಸಿತು. ಚಕ್ರ ಬಿಟ್ಟು ಬದಿಗಳನ್ನು ಮಾತ್ರ ಮುಚ್ಚುವ ಇಂದಿನ ಆಕಾರ ಆ ನಿಷೇಧದ ಬಳಿಕ ನೆಲೆನಿಂತದ್ದು. ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾದ ಗಾಳಿಸುರಂಗದಲ್ಲಿ ರೂಪುಗೊಂಡ ಬಿಎಂಡಬ್ಲ್ಯು ಆರ್100 ಆರ್‌ಎಸ್ 1976ರಲ್ಲಿ ಪೂರ್ತಿ ಫೇರಿಂಗನ್ನು ರಸ್ತೆಗೆ ತಂದಿತು. 1985ರಲ್ಲಿ ಬಂದ ಸುಜುಕಿ ಜಿಎಸ್‌ಎಕ್ಸ್-ಆರ್750 ರೇಸಿನ ಬೈಕನ್ನೇ ಹೆಚ್ಚುಕಡಿಮೆ ಹಾಗ್ಹಾಗೇ ಅಂಗಡಿಗೆ ಇಳಿಸಿತು. ಭಾರತದ ಹುಡುಗರ ಕೈಗೆ ಆ ಆಸೆಯ ಚಿಕ್ಕ ರೂಪ ಸಿಕ್ಕಿದ್ದು 2008ರ ಆರ್15ರಲ್ಲಿ.

ಸ್ಪೋರ್ಟ್ ಬೈಕಿನ ಭಂಗಿಯನ್ನೂ ಗಾಳಿಯಿಂದಲೇ ಅರ್ಥ ಮಾಡಿಕೊಳ್ಳಬೇಕು. ಹೊಸಬರು ಎಡವುವುದು ಇಲ್ಲೇ. ತಗ್ಗಿನಲ್ಲಿ ಕೂತ ಕ್ಲಿಪ್-ಆನ್ ಹ್ಯಾಂಡಲ್, ಹಿಂದಕ್ಕೆ ಸರಿದ ಫುಟ್‌ರೆಸ್ಟ್, ಮುಂದಕ್ಕೆ ಬಾಗಿದ ಬೆನ್ನು ಇವೆಲ್ಲ ಸವಾರನನ್ನು ಗೋಳಾಡಿಸಲು ಮಾಡಿದ್ದಲ್ಲ. ವೇಗ ಏರಿದಂತೆ ಎದುರುಗಾಳಿ ಎದೆಯನ್ನು ಎತ್ತಿ ಹಿಡಿಯುತ್ತದೆ, ಮಣಿಕಟ್ಟಿನ ಮೇಲಿನ ಭಾರ ಇಳಿಯುತ್ತದೆ. ಅಂದರೆ ಆ ಕುರ್ಚಿಗೆ ನಾಲ್ಕನೆಯ ಕಾಲೇ ಗಾಳಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆ ಆರು ಗಂಟೆಯ ಸಾಲಿನಲ್ಲಿ ಆ ಕಾಲು ಇರುವುದಿಲ್ಲ. ಮೈಯ ಮೇಲ್ಭಾಗದ ಭಾರವೆಲ್ಲ ಅಂಗೈಗೆ ಇಳಿಯುತ್ತದೆ, ಕ್ಲಚ್ ಹಿಡಿದ ಕೈ ಜೋಮು ಹಿಡಿಯುತ್ತದೆ, ಹ್ಯಾಂಡಲ್ ಸಾಕಷ್ಟು ತಿರುಗದೆ ಯೂ-ಟರ್ನಿಗೆ ಕಾಲು ಊರಿ ಹಿಂದೆ ಮುಂದೆ ಮಾಡಬೇಕಾಗುತ್ತದೆ. ಹಿಂದೆ ಕೂತವರ ಪಾಡು ಹೇಳುವುದೇ ಬೇಡ. ಅಟ್ಟದ ಮೇಲೆ ಹತ್ತಿಸಿ ಏಣಿ ತೆಗೆದಂತೆ. ಬೈಕು ಕೆಟ್ಟದ್ದು ಎಂದು ಬೈಯುವವರು ಅದನ್ನು ತಪ್ಪಾದ ರಂಗಸ್ಥಳದಲ್ಲಿ ನೋಡುತ್ತಿದ್ದಾರೆ, ಅಷ್ಟೇ.

ಇನ್ನು ವೇಷ ಕಟ್ಟದ ಗಾಡಿ. ‘ನೇಕೆಡ್’ ಎಂಬ ಹೆಸರೇ ಫೇರಿಂಗ್ ಬಂದ ಮೇಲಿನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳನ್ನಾಗಲಿ, 1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್100 ಅನ್ನಾಗಲಿ ಆಗ ಯಾರೂ ಹಾಗೆ ಕರೆಯಲಿಲ್ಲ, ಬೈಕೆಂದರೆ ಅದೇ. ಅದನ್ನು ಮತ್ತೆ ಒಂದು ಶೈಲಿಯೆಂದು ಎತ್ತಿ ನಿಲ್ಲಿಸಿದ್ದು 1993ರಲ್ಲಿ ಮಾರಾಟಕ್ಕೆ ಬಂದ ಡುಕಾಟಿ ಮಾನ್‌ಸ್ಟರ್. ಅದರ ವಿನ್ಯಾಸಕ ಮಿಗೆಲ್ ಗಲ್ಲೂಝಿ ಮಾಡಿದ್ದು ಸರಳ: 851ರ ಕುಟುಂಬದ ಫ್ರೇಮು, 900 ಸೂಪರ್‌ಸ್ಪೋರ್ಟ್‌ನ ಎಂಜಿನ್ ತೆಗೆದುಕೊಂಡು ಮುಚ್ಚದೆ ಬಿಟ್ಟ. ಮುಚ್ಚದಿದ್ದ ಮೇಲೆ ಎಲ್ಲವೂ ಕಾಣುತ್ತದೆ ಎಂಬುದೇ ಈ ಶೈಲಿಯ ಕಷ್ಟ ಮತ್ತು ರುಚಿ. ಫೇರಿಂಗ್ ಹಿಂದೆ ಹೇಗೋ ಸುತ್ತಿಟ್ಟ ವೈರು, ರೇಡಿಯೇಟರ್ ಪೈಪು, ಒರಟು ವೆಲ್ಡಿಂಗು ಯಾರ ಕಣ್ಣಿಗೂ ಬೀಳುವುದಿಲ್ಲ. ನೇಕೆಡ್ ಬೈಕಿನಲ್ಲಿ ಅವೇ ಮುಖ. ಆದ್ದರಿಂದ ಇದನ್ನು ನೋಡುವಾಗ ಹೆಡ್‌ಲೈಟ್‌ನಿಂದ ಶುರು ಮಾಡಬೇಡಿ. ಪಕ್ಕಕ್ಕೆ ನಿಂತು ಎಂಜಿನ್ ಫ್ರೇಮಿನೊಳಗೆ ತುಂಬಿಕೊಂಡಿದೆಯೋ, ಖಾಲಿ ಜಾಗದಲ್ಲಿ ನೇತಾಡುತ್ತಿದೆಯೋ ನೋಡಿ. ಸೈಲೆನ್ಸರ್ ಪೈಪು ಎಂಜಿನ್ನಿನಿಂದ ಹೊರಟು ಎಷ್ಟು ನಿರಾಳವಾಗಿ ತಿರುಗಿದೆ ನೋಡಿ. ಎಂಜಿನ್ ಕಾಣಬಾರದೆಂದು ಅಲ್ಲಲ್ಲಿ ಪ್ಲಾಸ್ಟಿಕ್ ತುಣುಕು ಅಂಟಿಸಿದ ನೇಕೆಡ್ ಬೈಕು ಮಾತು ಬಾರದ ಅರ್ಥಧಾರಿಯಂತೆ. ಅಂಥವು ಇಂದು ಬೇಕಾದಷ್ಟಿವೆ.

ಕಣ್ಣಿಗೆ ಕಾಣದ ವ್ಯತ್ಯಾಸವೂ ಉಂಟು. ಮೊದಲ ತಲೆಮಾರಿನ 390 ಡ್ಯೂಕ್ ಮತ್ತು ಆರ್‌ಸಿ 390ರ ಎಂಜಿನ್ ಒಂದೇ, 373 ಸಿಸಿ. ಆದರೆ ಡ್ಯೂಕ್‌ನ ಎರಡು ಚಕ್ರಗಳ ನಡುವಿನ ಅಂತರ 1367 ಮಿಲಿಮೀಟರ್, ಆರ್‌ಸಿಯದು 1340. ಮುಂದಿನ ಫೋರ್ಕಿನ ಕೋನ ಡ್ಯೂಕ್‌ನಲ್ಲಿ 65 ಡಿಗ್ರಿ, ಆರ್‌ಸಿಯಲ್ಲಿ 66.5. ಒಂದೂವರೆ ಡಿಗ್ರಿ ನೆಟ್ಟಗಾದ ಫೋರ್ಕು, ಮುಂಚಕ್ರದ ಮೇಲೆ ಒರಗಿದ ಸವಾರ: ವೇಗದ ತಿರುವಿಗೆ ಆರ್‌ಸಿ ಇವೆರಡನ್ನೂ ಕೂಡಿಸಿಕೊಂಡೇ ತಯಾರಾಗಿದೆ. ಡ್ಯೂಕ್‌ನ ಅಗಲ ಹ್ಯಾಂಡಲ್ ಉದ್ದನೆಯ ಸನ್ನೆಗೋಲಿನಂತೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಂಥ ನಿಧಾನದ, ಇಕ್ಕಟ್ಟಿನ, ಎದುರಿಗೆ ಬಸ್ಸು ಬರುವ ಕಡೆ ಸ್ವಲ್ಪ ಒತ್ತಿದರೆ ಸಾಕು, ಗಾಡಿ ಮಾತು ಕೇಳುತ್ತದೆ. ಪ್ಲಾಸ್ಟಿಕ್ ಒಂದೇ ವ್ಯತ್ಯಾಸ ಎನ್ನುವವರಿಗೆ ಈ ಅಂಕಿಗಳೇ ಉತ್ತರ.

ನೇಕೆಡ್ ಬೈಕಿಗೆ ಬರುವ ಬಲವಾದ ಆಕ್ಷೇಪ ದೂರದ ಪ್ರಯಾಣದ್ದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ನೇಕೆಡ್ ಬೈಕಿನಲ್ಲಿ ಹೋದರೆ ಗಾಳಿಯ ಹೊಡೆತಕ್ಕೆ ಕತ್ತು, ಭುಜ ಸೋಲುತ್ತವೆ, ಆಗ ಫೇರಿಂಗ್ ಬೇಡವೇ? ಬೇಕು, ಒಪ್ಪಲೇಬೇಕು. ಆದರೆ ಫೇರಿಂಗ್ ಬೇರೆ, ಬಾಗಿದ ಬೆನ್ನು ಬೇರೆ. ಆರ್100 ಆರ್‌ಎಸ್ ಕೂಡ ದೂರದ ಹಾದಿಗೆ ಮಾಡಿದ ಗಾಡಿಯೇ. 2003ರ ಹೀರೋ ಹೋಂಡಾ ಕರಿಜ್ಮಾ ಅರ್ಧ ಫೇರಿಂಗ್ ತೊಟ್ಟೂ ಸವಾರನನ್ನು ಆರಾಮಾಗಿ ಕೂರಿಸಿತು. ಗಾಳಿ ತಡೆಯಬೇಕು ಎಂಬ ಆಸೆ ನಿಮ್ಮನ್ನು ಇಂಥ ಗಾಡಿಗೆ ಒಯ್ಯಬೇಕೇ ಹೊರತು ಸ್ಪೋರ್ಟ್ ಬೈಕಿಗಲ್ಲ. ಬಿದ್ದರೆ ಪ್ಯಾನೆಲ್ ಖರ್ಚು, ಸಣ್ಣ ಕೆಲಸಕ್ಕೂ ಮೈ ಬಿಚ್ಚಬೇಕಾದ ಮೆಕ್ಯಾನಿಕ್‌ನ ಗೊಣಗಾಟ ಇವು ಎಲ್ಲರಿಗೂ ಗೊತ್ತಿರುವ ಸಂಗತಿಗಳು. ಇನ್ನೊಂದು ಆಕ್ಷೇಪ ರಸಿಕರದೇ: ಚೆಂದ ಕಂಡಿತು, ಅಷ್ಟು ಸಾಲದೇ? ಧಾರಾಳವಾಗಿ ಸಾಕು. ಆದರೆ ಆ ಚೆಂದ ನಿಜವೋ ಎಂದು ಒಮ್ಮೆ ಪರೀಕ್ಷಿಸಿ. ಗಾಡಿ ಏರಿ ಟ್ಯಾಂಕಿನ ಮೇಲೆ ಗದ್ದ ಊರಿ. ಹೆಲ್ಮೆಟ್ ಮುಂಗಾಜಿನ ಮರೆಗೆ ಇಳಿಯಬೇಕು, ಮಂಡಿ ಟ್ಯಾಂಕಿನ ಹೊಂಡದಲ್ಲಿ ಕೂರಬೇಕು, ಮೊಣಕೈ ಒಳಗೆ ಸೇರಬೇಕು. ಇಷ್ಟೂ ಆದರೆ ಅದು ನಿಜವಾದ ಫೇರಿಂಗ್. ಆಗದಿದ್ದರೆ ಬರೀ ಬಣ್ಣದ ಅಟ್ಟೆ.

ಹಾಗಾಗಿ ನನ್ನ ತೀರ್ಪು ನೇಕೆಡ್ ಕಡೆಗೇ ವಾಲುತ್ತದೆ, ರುಚಿಯ ಕಾರಣಕ್ಕಲ್ಲ, ರಸ್ತೆಯ ಕಾರಣಕ್ಕೆ. ಟ್ರ್ಯಾಕಿಗೆ ಹೋಗುವ ಹಂಬಲವಿದ್ದವರು ಆರ್‌ಸಿಯನ್ನೋ ಆರ್‌ಆರ್ 310ನ್ನೋ ಕಣ್ಣುಮುಚ್ಚಿ ಕೊಳ್ಳಲಿ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಅವರಿಗಾಗಿ ಕಾದಿವೆ. ಉಳಿದವರು ತಮ್ಮ ವಾರದ ಏಳು ದಿನಗಳಲ್ಲಿ ಗಾಡಿ 90 ದಾಟುವುದು ಎಷ್ಟು ನಿಮಿಷ ಎಂದು ಪ್ರಾಮಾಣಿಕವಾಗಿ ಎಣಿಸಿಕೊಳ್ಳಲಿ. ನಯವಾದ ಆರು ಪಥದ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಮಾತ್ರ ಆ ಎಣಿಕೆಗೆ ಸೇರಿಸಬೇಡಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಆರ್15ಗೂ ಎಂಟಿ-15ಗೂ ಉಳಿದಿರುವುದು ಪಕ್ಕದ ಸರ್ವಿಸ್ ರಸ್ತೆ.