ಕಿವಿಗೆ ಕಾಣುವ ಆಟ

ತಾಳಮದ್ದಲೆ ಕೇಳಿ ಬೆಳೆದ ನಮ್ಮ ಕೊಕ್ಕರ್ಣೆ ಕಡೆಯವರಿಗೆ ಮಾತಿನ ಬೆಲೆ ಗೊತ್ತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತವರ ಅರ್ಥಗಾರಿಕೆಯಲ್ಲೇ ಕುರುಕ್ಷೇತ್ರ ಎದ್ದು ಬರಬೇಕು. ರೇಡಿಯೋದ ವೀಕ್ಷಕ ವಿವರಣೆಯೂ ಅದೇ ಜಾತಿಯ ಕಲೆ. ಜಸ್‌ದೇವ್ ಸಿಂಗ್ ಅವರನ್ನು ಆ ಅಳತೆಗೋಲಿನಿಂದಲೇ ಅಳೆಯಬೇಕೆಂದು ನನ್ನ ಅನಿಸಿಕೆ.

1948ರಲ್ಲಿ ಗಾಂಧೀಜಿಯ ಅಂತಿಮ ಯಾತ್ರೆಯನ್ನು ಮೆಲ್ವಿಲ್ ಡಿಮೆಲೋ ಇಂಗ್ಲಿಷಿನಲ್ಲಿ ಬಣ್ಣಿಸಿದ್ದನ್ನು ಕೇಳಿ, ತಾನು ಇದನ್ನೇ ಹಿಂದಿಯಲ್ಲಿ ಮಾಡುತ್ತೇನೆಂದು ಹೊರಟ ತರುಣ ಇವರು. 1955ರಲ್ಲಿ ಜೈಪುರದ ಆಕಾಶವಾಣಿ ಸೇರಿ, ಎಂಟು ವರ್ಷಗಳ ನಂತರ ದಿಲ್ಲಿಗೆ ಬಂದರು. ಒಂಬತ್ತು ಒಲಿಂಪಿಕ್ಸ್‌ಗಳಿಗೆ ದನಿಯಾದರು. 1985ರಲ್ಲಿ ಪದ್ಮಶ್ರೀ, 2008ರಲ್ಲಿ ಪದ್ಮಭೂಷಣ ಬಂತು. 2018ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಹೆಸರಿನೊಂದಿಗೆ ಮೊದಲು ನೆನಪಾಗುವುದು 1975ರ ವಿಶ್ವಕಪ್ ಹಾಕಿ ಫೈನಲ್. ಕ್ವಾಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿತು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಟಿ.ವಿ. ಇಲ್ಲದ ಊರೂರಿಗೆ ಆ ಗೆಲುವು ತಲುಪಿದ್ದು ಕಿವಿಯ ಮೂಲಕ. ಹಾಕಿಯಲ್ಲಿ ಚೆಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಮೂವರ ಕೋಲು ದಾಟಿರುತ್ತದೆ. ಅದರ ಬೆನ್ನು ಹಿಡಿದು ಓಡುವುದೇ ಅವರ ಮಾತಿನ ಬಲ. ಹಿಂದಿ ಅರೆಬರೆ ಬಲ್ಲವರಿಗೂ ದನಿಯ ಏರಿಳಿತದಿಂದಲೇ ಆಟ ಯಾವ ತುದಿಯಲ್ಲಿದೆ ಎಂದು ತಿಳಿಯುತ್ತಿತ್ತು. ಕೈ ಅಕ್ಕಿ ಆರಿಸುತ್ತಿದ್ದರೂ ಕಿವಿ ಬಿಡುವಾಗಿದ್ದ ಹೆಂಗಸರಿಗೆ ರೇಡಿಯೋ ದಕ್ಕಿದ್ದು ಹೀಗೆ. ಕೆಲಸ ಬಿಟ್ಟು ಎದುರು ಬಂದು ಕುಳಿತುಕೋ ಎಂದು ಅದು ಕೇಳಲಿಲ್ಲ.

ಆದರೆ ಮೆಚ್ಚಿಗೆಯ ಜೊತೆ ಒಂದು ತಕರಾರೂ ಇದೆ. ದೂರದರ್ಶನಕ್ಕೆ ಬಂದ ಮೇಲೂ ಅವರ ಮಾತಿನ ಹೊಳೆ ಬತ್ತಲಿಲ್ಲ. ಗಣರಾಜ್ಯೋತ್ಸವದ ಮೆರವಣಿಗೆ ನಮ್ಮ ಕಣ್ಣೆದುರೇ ಸಾಗುತ್ತಿರುವಾಗ ಅಷ್ಟೊಂದು ವಿಶೇಷಣಗಳು ಬೇಕಿತ್ತೇ? ತಾಳಮದ್ದಲೆಯ ಅರ್ಥಧಾರಿ ಆಟದ ರಂಗಸ್ಥಳದಲ್ಲಿ ವೇಷ ಕಟ್ಟಿ ನಿಂತು, ಕೂಟದಲ್ಲಿ ಆಡುವಷ್ಟೇ ಉದ್ದದ ಮಾತಾಡಿದರೆ ಚೆಂಡೆ ಕಾಯಬೇಕಾಗುತ್ತದೆ, ಪ್ರೇಕ್ಷಕರು ಆಕಳಿಸುತ್ತಾರೆ. ರೇಡಿಯೋದಲ್ಲಿ ಗುಣವಾದದ್ದು ಟಿ.ವಿ.ಯಲ್ಲಿ ಹೊರೆಯಾಯಿತು.

ಇದರಿಂದ ಅವರ ಹಿರಿಮೆಗೆ ಕುಂದಿಲ್ಲ. ಅವರು ಯಾವ ಕಲೆಯ ಒಡೆಯರೆಂಬುದು ಸ್ಪಷ್ಟವಾಗುತ್ತದೆ, ಅಷ್ಟೆ. ಇಂದು ಮಕ್ಕಳು ಎಷ್ಟೋ ಪಂದ್ಯ ನೋಡುತ್ತಾರೆ. ನೋಡಿದ್ದನ್ನು ನೋಡದವರಿಗೆ ಹೇಳು ಎಂದರೆ "ಸೂಪರ್ ಆಗಿತ್ತು ಟೀಚರ್" ಎಂದು ಸುಮ್ಮನಾಗುತ್ತಾರೆ. ಕಂಡದ್ದನ್ನು ಕಾಣದವರ ಕೈಗಿಡುವ ಆ ಮಾತುಗಾರಿಕೆಯನ್ನು ಈಗ ನಾವು ತರಗತಿಯಲ್ಲೇ ಕಲಿಸಬೇಕಾಗಿದೆ.