ದನದ ಅಂಕಣ ಅವ್ವನ ಕೋಣೆಯಾದಾಗ

ಗದಗಿನಿಂದ ಕಳಸಾಪುರದ ಕಡೆಗೆ, ಅದರಾಚೆಯ ಎರೆಹೊಲದ ಊರುಗಳಿಗೆ ಹೋದರೆ ಹಳೆಯ ಮನೆಗಳ ಲೆಕ್ಕ ಇನ್ನೂ ಕಂಬಗಳ ನಡುವಿನ ಅಂಕಣದಲ್ಲೇ ನಡೆಯುತ್ತದೆ. ಮುಂಬಾಗಿಲು ದಾಟಿದ ಕೂಡಲೇ ದನ ಕಟ್ಟುವ ತಗ್ಗಿನ ಅಂಕಣ, ಗೋದಲಿ. ಅದಕ್ಕಿಂತ ಒಂದೂವರೆ ಅಡಿ ಎತ್ತರಕ್ಕೆ ಪಡಸಾಲೆ. ಒಳಗೆ ಅಡುಗೆಮನೆ, ದೇವರ ಜಗಲಿ, ಕೊನೆಗೆ ಹಿತ್ತಲು. ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದ ಮೇಲೆ ಎಷ್ಟೋ ಮನೆಗಳಲ್ಲಿ ಮುಂದಿನ ಅಂಕಣ ಖಾಲಿ ಬಿತ್ತು. ಮೊಣಕಾಲು ಹಿಡಿದ ಅವ್ವನಿಗೋ ಲಕ್ವಾ ಹೊಡೆದ ಅಜ್ಜನಿಗೋ ಅದನ್ನೇ ಕೋಣೆ ಮಾಡಿಕೊಡುತ್ತಾರೆ. ‘ದನ ಕಟ್ಟೋ ಜಾಗದಾಗ ಹಿರೇರನ್ನ ಇಟ್ಟಾರ’ ಎಂದು ಆಡಿಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಾಗದ ಆಯ್ಕೆ ಸರಿಯಾಗಿಯೇ ಇದೆ. ಕೆಡುತ್ತಿರುವುದು ಆಮೇಲೆ ನಡೆಯುವ ಕೆಲಸ.

ಮುಂದಿನ ಅಂಕಣ ಬೀದಿಯ ಮಟ್ಟಕ್ಕಿದೆ. ಕೋಲು ಹಿಡಿದವರು ಮೆಟ್ಟಿಲಿಲ್ಲದೆ ಕಟ್ಟೆಯವರೆಗೆ ಬರಬಹುದು. ಬಂದವರು ಹೋದವರು ಮೊದಲು ಮಾತಾಡಿಸುವುದು ಅವರನ್ನೇ. ಮೇಲೆ ಮಣ್ಣಿನ ಮಾಳಿಗೆ, ಸುತ್ತ ದಪ್ಪ ಗೋಡೆ. ಏಪ್ರಿಲ್–ಮೇ ಬಿಸಿಲಿಗೆ ಇಷ್ಟು ತಂಪು ಕೊಡುವ ಜಾಗ ಮನೆಯಲ್ಲಿ ಬೇರೆ ಸಿಗುವುದು ಕಷ್ಟ. ಇನ್ನೊಂದು ಅನುಕೂಲವನ್ನು ಗೌಂಡಿಗಳೇ ಮರೆಯುತ್ತಾರೆ: ಗಂಜಲ ಹರಿಯಲೆಂದು ಆ ನೆಲಕ್ಕೆ ಮೊದಲೇ ಇಳಿಜಾರಿದೆ, ಗೋಡೆಯಲ್ಲಿ ತೂಬಿದೆ. ಮೀಯುವ ನೀರಿಗೆ ದಾರಿ ಹೊಸದಾಗಿ ಹುಡುಕಬೇಕಿಲ್ಲ.

ಇಷ್ಟಿದ್ದೂ ಬಚ್ಚಲು, ಪಾಯಖಾನೆ ಹಿತ್ತಲಲ್ಲೇ ಉಳಿಯುತ್ತವೆ. ಸ್ವಚ್ಛ ಭಾರತದ 12,000 ರೂಪಾಯಿ ನೆರವಿನಲ್ಲಿ ಕಟ್ಟಿದ್ದು ಅಲ್ಲಿದೆಯಲ್ಲ, ಇನ್ನೊಂದು ಯಾಕೆ ಎಂಬುದು ಮನೆಯವರ ವಾದ. ರಾತ್ರಿ ಎರಡಕ್ಕೆ ಎದ್ದ ಎಂಬತ್ತರ ಮುದುಕಿ ಪಡಸಾಲೆ ಹತ್ತಬೇಕು, ಮಲಗಿದವರನ್ನು ದಾಟಬೇಕು, ಅಡುಗೆಮನೆಯ ಹೊಸ್ತಿಲು, ಹಿತ್ತಲ ಬಾಗಿಲಿನ ಹೊಸ್ತಿಲು ಎಡವದೆ ಹೋಗಬೇಕು. ಈ ದಾರಿಗೆ ಹೆದರಿ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುವವರಿದ್ದಾರೆ. ಹಾಸಿಗೆಯಿಂದ ಹತ್ತು ಹೆಜ್ಜೆಯೊಳಗೆ ಕಮೋಡ್ ಇಲ್ಲದ ಕೋಣೆಯನ್ನು ಹಿರಿಯರ ಕೋಣೆ ಎನ್ನಲು ನನಗೆ ಮನಸ್ಸು ಬಾರದು.

ಹಣ ಹೋಗುವುದು ಬೇರೆ ಕಡೆಗೆ. ಹೊಳೆಯುವ ಟೈಲ್ಸ್ ಬರುತ್ತದೆ. ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಪಾಲಿಶ್ ಇಲ್ಲದ ಶಹಾಬಾದ ಕಲ್ಲು ಅದಕ್ಕಿಂತ ಎಷ್ಟೋ ಮೇಲು. ಸೋರುವ ಮಾಳಿಗೆ ತೆಗೆಸಿ ತಗಡು ಹೊದಿಸುತ್ತಾರೆ, ಮಧ್ಯಾಹ್ನ ಒಳಗೆ ಕೂಡಲಾಗುವುದಿಲ್ಲ. ಪಡಸಾಲೆಗೆ ಸರಿಸಮ ಮಾಡಲು ನೆಲ ಏರಿಸಿದರಂತೂ ಬೀದಿಗೆ ಇಳಿಯಲು ಹೊಸ ಮೆಟ್ಟಿಲು ಹುಟ್ಟುತ್ತವೆ. ಇಳಿಜಾರಿನ ದಾರಿಗೆ ಒಂದಕ್ಕೆ ಹನ್ನೆರಡರ ಪ್ರಮಾಣ ಬೇಕು: ಒಂದೂವರೆ ಅಡಿ ಏರಿಗೆ ಹದಿನೆಂಟು ಅಡಿ ಉದ್ದ. ಅಷ್ಟು ಬೀದಿ ಯಾರ ಮನೆ ಮುಂದಿದೆ? ಮನೆಯನ್ನು ಹಿರಿಯರಿಗೆ ಒಗ್ಗಿಸುವ ಖರ್ಚಿಗೆ ಬೇರೆಡೆ ನೆರವಿದೆ: ಜಪಾನಿನಲ್ಲಿ 2000ದಿಂದ ಜಾರಿಯಲ್ಲಿರುವ ಆರೈಕೆ ವಿಮೆ, ಗೋಡೆಗೆ ಹಿಡಿಕೆ ಹಾಕಿಸಲು, ಹೊಸ್ತಿಲಿನಂಥ ಅಡ್ಡಿ ತೆಗೆಸಲು 2 ಲಕ್ಷ ಯೆನ್‌ವರೆಗಿನ ಕೆಲಸಕ್ಕೆ ನೆರವಾಗುತ್ತದೆ. ನಮ್ಮ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ ಔಷಧಿಗೇ ಸಾಲದು. ಆದರೂ ಒಂದು ಕಬ್ಬಿಣದ ಹಿಡಿಕೆ ಟೈಲ್ಸಿನಷ್ಟು ತುಟ್ಟಿಯಲ್ಲ.

ಪಡಸಾಲೆಗೂ ಕೋಣೆಗೂ ನಡುವೆ ಮಾಳಿಗೆ ಮುಟ್ಟುವ ಗೋಡೆ ಎಬ್ಬಿಸುವುದು ನನಗೆ ಎಲ್ಲಕ್ಕಿಂತ ನೋವಿನ ಸಂಗತಿ. ಸೊಸೆಗೂ ಏಕಾಂತ ಬೇಕು, ನಿಜ. ಎದೆಮಟ್ಟದ ಗೋಡೆ, ಮೇಲೊಂದು ಪರದೆ ಇದ್ದರೆ ಇಬ್ಬರಿಗೂ ಆಗುತ್ತದೆ. ಮೊಮ್ಮಕ್ಕಳ ಗದ್ದಲ, ಒಗ್ಗರಣೆಯ ವಾಸನೆ ಅಜ್ಜಿಗೆ ತಲುಪುತ್ತವೆ, ಆಕೆ ಕೂಗಿದರೆ ಮನೆಗೆ ಕೇಳುತ್ತದೆ.

ಇನ್ನು ವಾಟ್ನಿ. ಅಣ್ಣತಮ್ಮಂದಿರು ಅಂಕಣ ಲೆಕ್ಕದಲ್ಲಿ ಮನೆ ಹಂಚಿಕೊಂಡಾಗ ಹಿರಿಯರ ಕೋಣೆ ಒಬ್ಬ ಮಗನ ಪಾಲಿಗೆ ಬೀಳುತ್ತದೆ, ಅವ್ವನ ಇರವು ಅವನ ಮರ್ಜಿಗೆ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ರದ್ದು ಮಾಡಿಸಲು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ಷರತ್ತು ಬಾಯಿಮಾತಿನಲ್ಲಿ ಉಳಿದರೆ ಅದನ್ನು ತೋರಿಸಿಕೊಡುವುದು ಕಷ್ಟ. ಆದ್ದರಿಂದ ಗೌಂಡಿಯನ್ನು ಕರೆಯುವ ಮೊದಲೇ ಕಾಗದದಲ್ಲಿ ಬರೆಸಬೇಕು: ಮುಂದಿನ ಅಂಕಣ, ಅದರ ಬಚ್ಚಲು, ಬೀದಿಯ ಬಾಗಿಲು ಅವ್ವ ಇರುವವರೆಗೂ ಅವ್ವನವು.